ಜುಲೈ 25ರಂದೇ ಏಕೆ? ರಾಷ್ಟ್ರಪತಿ ಬರುವ ದಾರಿ, ಹೋಗುವ ದಾರಿ

‘ರಾಷ್ಟ್ರಪತಿಯವರ ಚುನಾವಣಾ ವಿಧಾನವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಟ್ಟುಕೊಂಡ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೊಂದು ಸಣ್ಣ ಪ್ರಶ್ನೆ. 1977ರಿಂದ 2022ರವರೆಗೆ ನಮ್ಮ ದೇಶದಲ್ಲಿ ಹತ್ತು ಮಂದಿ ರಾಷ್ಟ್ರಪತಿಗಳಾಗಿ ಅಧಿಕಾರ ಸ್ವೀಕರಿಸಿದ್ದಾರೆ. ನೀಲಂ ಸಂಜೀವ ರೆಡ್ಡಿಯವರಿಂದ ದ್ರೌಪದಿ ಮುರ್ಮು ಅವರವರೆಗೆ ಹತ್ತೂ ಮಂದಿ ಪ್ರಮಾಣವಚನ ಸ್ವೀಕರಿಸಿದ್ದು ಜುಲೈ 25ರಂದೇ. ಏಕೆ?

ಸಂವಿಧಾನದ ಯಾವ ವಿಧಿಯಲ್ಲೂ ಈ ದಿನಾಂಕ ಇಲ್ಲ. ಅದು ಹಬ್ಬವೂ ಅಲ್ಲ, ರಾಷ್ಟ್ರೀಯ ದಿನಾಚರಣೆಯೂ ಅಲ್ಲ. ದೇಶದ ಮೊದಲ ರಾಷ್ಟ್ರಪತಿ ಅಧಿಕಾರಕ್ಕೆ ಬಂದದ್ದು 1950ರ ಜನವರಿ 26ರಂದು. ಹಾಗಾದರೆ ಜುಲೈ 25 ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ರಾಷ್ಟ್ರಪತಿ ಹೇಗೆ ಬರುತ್ತಾರೆ ಎಂಬುದಷ್ಟೇ ಅಲ್ಲ, ಹೇಗೆ ಹೋಗುತ್ತಾರೆ ಎಂಬುದೂ ತಿಳಿಯುತ್ತದೆ. ನಾವು ಸಾಮಾನ್ಯವಾಗಿ ಓದದೆ ಬಿಡುವುದು ಈ ಎರಡನೆಯ ಭಾಗವನ್ನೇ. ಆದರೆ ಒಂದು ದೇಶದ ಪ್ರಜಾಪ್ರಭುತ್ವ ಗಟ್ಟಿಯಾಗಿದೆಯೇ ಎಂದು ನೋಡಬೇಕಾದರೆ ಅಧಿಕಾರಕ್ಕೆ ಬರುವ ಬಾಗಿಲಿನಷ್ಟೇ ಅಧಿಕಾರದಿಂದ ಹೋಗುವ ಬಾಗಿಲನ್ನೂ ನೋಡಬೇಕು.

ಯಾರು ಆರಿಸುತ್ತಾರೆ?

ರಾಷ್ಟ್ರಪತಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ನಾವು ಆರಿಸಿದವರು ಆರಿಸುತ್ತಾರೆ. ಸಂವಿಧಾನದ 54ನೇ ವಿಧಿಯ ಪ್ರಕಾರ ಇದಕ್ಕೊಂದು ಮತದಾರ ಗಣ ಇದೆ. ಲೋಕಸಭೆ ಮತ್ತು ರಾಜ್ಯಸಭೆಯ ಚುನಾಯಿತ ಸದಸ್ಯರು, ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಇದರಲ್ಲಿದ್ದಾರೆ. 1992ರ 70ನೇ ತಿದ್ದುಪಡಿಯಿಂದ ದೆಹಲಿ ಮತ್ತು ಪುದುಚೇರಿ ವಿಧಾನಸಭೆಗಳ ಚುನಾಯಿತ ಸದಸ್ಯರೂ ಸೇರಿಕೊಂಡರು.

ಇಲ್ಲಿ ‘ಚುನಾಯಿತ’ ಎಂಬ ಪದವನ್ನು ಗಮನಿಸಬೇಕು. ರಾಜ್ಯಸಭೆಗೆ ನಾಮನಿರ್ದೇಶನಗೊಂಡ 12 ಸದಸ್ಯರಿಗೆ ಮತವಿಲ್ಲ. ಕರ್ನಾಟಕದಲ್ಲಿ ವಿಧಾನ ಪರಿಷತ್ತೂ ಇದೆ. ಅದರ 75 ಸದಸ್ಯರಲ್ಲಿ ಯಾರಿಗೂ ಈ ಚುನಾವಣೆಯಲ್ಲಿ ಮತವಿಲ್ಲ. ವಿಧಾನಸೌಧದಲ್ಲಿ ಮತ ಹಾಕುವ ಹಕ್ಕಿರುವುದು ವಿಧಾನಸಭೆಯ 224 ಚುನಾಯಿತ ಶಾಸಕರಿಗೆ.

ಅಭ್ಯರ್ಥಿಯಾಗಲು 58ನೇ ವಿಧಿ ಹೇಳುವ ಅರ್ಹತೆಗಳು ಸರಳ. ಭಾರತದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಸರಕಾರದ ಲಾಭದಾಯಕ ಹುದ್ದೆಯಲ್ಲಿರಬಾರದು. ಆದರೆ ನಾಮಪತ್ರ ಸಲ್ಲಿಸುವುದು ಅಷ್ಟು ಸರಳವಲ್ಲ. ಮತದಾರ ಗಣದ 50 ಮಂದಿ ಸೂಚಕರಾಗಿ, ಬೇರೆ 50 ಮಂದಿ ಅನುಮೋದಕರಾಗಿ ಸಹಿ ಹಾಕಬೇಕು. 15,000 ರೂಪಾಯಿ ಠೇವಣಿ ಇಡಬೇಕು. ಹಿಂದೆ ಈ ಕಟ್ಟುಪಾಡು ಇಲ್ಲದಿದ್ದಾಗ ಹೆಸರಿಗಾಗಿ ಸ್ಪರ್ಧಿಸುವವರೂ ಇರುತ್ತಿದ್ದರು. 1967ರಲ್ಲಿ 17 ಮಂದಿ, 1969ರಲ್ಲಿ 15 ಮಂದಿ ಕಣದಲ್ಲಿದ್ದರು.

ನಮ್ಮ ಶಾಸಕರ ಒಂದು ಮತ, 131 ಮತ

ಈ ಚುನಾವಣೆಯಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ ಇಲ್ಲ. ಉತ್ತರ ಪ್ರದೇಶದ ಒಬ್ಬ ಶಾಸಕರ ಮತದ ಮೌಲ್ಯ 208. ಸಿಕ್ಕಿಂನ ಶಾಸಕರದ್ದು 7. ಕರ್ನಾಟಕದ ಶಾಸಕರದ್ದು 131. ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ಲೆಕ್ಕ ಮಾಡಿ ನೋಡಿದರೆ ಅಲ್ಲ ಎಂದು ತಿಳಿಯುತ್ತದೆ.

ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರವನ್ನು ಮತ್ತೆ 1,000ದಿಂದ ಭಾಗಿಸಬೇಕು. ಕರ್ನಾಟಕದ ಜನಸಂಖ್ಯೆ 1971ರ ಜನಗಣತಿಯಂತೆ 2,92,99,014. ಅದನ್ನು 224ರಿಂದ ಭಾಗಿಸಿದರೆ ಸುಮಾರು 1,30,799. ಸಾವಿರದಿಂದ ಭಾಗಿಸಿದರೆ 130.8. ಅರ್ಧಕ್ಕಿಂತ ಹೆಚ್ಚಿನ ಭಾಗ ಉಳಿದುದರಿಂದ 131. ಅಂದರೆ ರಾಜ್ಯದ ಎಲ್ಲ ಶಾಸಕರ ಮತ ಸೇರಿ 131 × 224 = 29,344. ಲೆಕ್ಕಶಾಸ್ತ್ರ, ವಿಜ್ಞಾನ ವಿಭಾಗದವರೂ ಬೇರೆ ರಾಜ್ಯಗಳಿಗೆ ಈ ಲೆಕ್ಕ ಮಾಡಿ ನೋಡಬಹುದು. ಶಾಸಕರ ಮತದ ಹಿಂದೆ ನಿಂತಿರುವುದು ಅವರು ಪ್ರತಿನಿಧಿಸುವ ಜನರ ಸಂಖ್ಯೆ. ಬೆಲೆ ಶಾಸಕರದ್ದಲ್ಲ, ಜನರದ್ದು.

ಇಷ್ಟು ಹಳೆಯ ಜನಗಣತಿ ಏಕೆ ಎಂದು ಕೇಳಬಹುದು. ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿಗೆ ತಂದ ರಾಜ್ಯಗಳು ಜನಸಂಖ್ಯೆ ಕಡಿಮೆಯಾಯಿತೆಂದು ತಮ್ಮ ತೂಕ ಕಳೆದುಕೊಳ್ಳಬಾರದು ಎಂಬ ಕಾರಣಕ್ಕೆ 42ನೇ ತಿದ್ದುಪಡಿ ಆ ಅಂಕಿಯನ್ನು ಹಾಗೆಯೇ ನಿಲ್ಲಿಸಿತು. 84ನೇ ತಿದ್ದುಪಡಿಯ ಪ್ರಕಾರ 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಅದೇ ಮುಂದುವರಿಯುತ್ತದೆ.

ಸಂಸದರ ಮತಕ್ಕೆ ಬೇರೆ ಲೆಕ್ಕ. ದೇಶದ ಎಲ್ಲ ಶಾಸಕರ ಮತಮೌಲ್ಯವನ್ನು ಒಟ್ಟುಗೂಡಿಸಿ ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಬೇಕು. 2022ರಲ್ಲಿ ಶಾಸಕರ ಒಟ್ಟು ಮತಮೌಲ್ಯ 5,43,231. ಚುನಾಯಿತ ಸಂಸದರ ಸ್ಥಾನಗಳು 776. ಹಾಗಾಗಿ ಒಬ್ಬ ಸಂಸದರ ಮತ 700. ಸಂಸದರ ಒಟ್ಟು ಮತ 5,43,200. ಎರಡು ಮೊತ್ತಗಳನ್ನು ಪಕ್ಕದಲ್ಲಿಟ್ಟು ನೋಡಿ: ತಕ್ಕಡಿಯ ಎರಡು ತಟ್ಟೆಗಳು ಹೆಚ್ಚುಕಡಿಮೆ ಸಮ. ದೆಹಲಿಯ ಸಂಸತ್ತು ಒಂದು ಕಡೆ, ರಾಜ್ಯಗಳೆಲ್ಲ ಸೇರಿ ಇನ್ನೊಂದು ಕಡೆ. ರಾಷ್ಟ್ರಪತಿ ಕೇಂದ್ರಕ್ಕೆ ಮಾತ್ರ ಸೇರಿದವರಲ್ಲ, ಇಡೀ ಒಕ್ಕೂಟಕ್ಕೆ ಸೇರಿದವರು ಎಂಬುದನ್ನು ಸಂವಿಧಾನ ಅಂಕಗಣಿತದಲ್ಲೇ ಬರೆದಿಟ್ಟಿದೆ.

ಎರಡನೇ ಆಯ್ಕೆಯಿಂದ ಗೆದ್ದವರು

ಮತದಾನದ ದಿನ ಯಂತ್ರ ಇರುವುದಿಲ್ಲ, ಮತಪತ್ರ ಇರುತ್ತದೆ. ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ ಬಣ್ಣದ್ದು. ಪಕ್ಷದ ಚಿಹ್ನೆ ಇರುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತಮ್ಮ ಇಷ್ಟದ ಕ್ರಮ ಬರೆಯಬೇಕು. ಮತ ಗುಪ್ತ, ಇಂಥವರಿಗೇ ಹಾಕಿ ಎಂದು ಪಕ್ಷಗಳು ವಿಪ್ ಕೊಡುವಂತಿಲ್ಲ.

ಗೆಲ್ಲಲು ಕೇವಲ ಉಳಿದವರಿಗಿಂತ ಹೆಚ್ಚು ಮತ ಬಂದರೆ ಸಾಲದು. ಸಿಂಧುವಾದ ಒಟ್ಟು ಮತಮೌಲ್ಯದ ಅರ್ಧಕ್ಕಿಂತ ಹೆಚ್ಚು ಬರಬೇಕು. 2022ರಲ್ಲಿ ಈ ಗಡಿ 5,28,491 ಆಗಿತ್ತು. ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಬಂದುದರಿಂದ ಮೊದಲ ಎಣಿಕೆಯಲ್ಲೇ ಎಲ್ಲ ಮುಗಿಯಿತು. ದೇಶದ ಕಾನೂನು ರೂಪಿಸುವವರೇ ಮತದಾರರಾಗಿದ್ದರೂ ಆ ಚುನಾವಣೆಯಲ್ಲಿ 53 ಮತಗಳು ಅಸಿಂಧುವಾದವು ಎಂಬುದನ್ನೂ ನೆನಪಿಡಿ.

ಯಾರಿಗೂ ಅರ್ಧ ದಾಟದಿದ್ದರೆ? ಆಗ ಕೊನೆಯಲ್ಲಿರುವ ಅಭ್ಯರ್ಥಿಯನ್ನು ಕೈಬಿಟ್ಟು, ಅವರಿಗೆ ಬಂದ ಮತಪತ್ರಗಳಲ್ಲಿ ಎರಡನೇ ಆಯ್ಕೆ ಯಾರೆಂದು ನೋಡಿ ಅವರಿಗೆ ಸೇರಿಸುತ್ತಾರೆ. ಇದು ನಿಜವಾಗಿ ಬೇಕಾದದ್ದು 1969ರಲ್ಲಿ. ಆಗ ವಿ.ವಿ. ಗಿರಿಯವರಿಗೆ 4,01,515, ನೀಲಂ ಸಂಜೀವ ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಮೊದಲ ಆಯ್ಕೆಯ ಮತಗಳು ಬಂದವು. ಬೇಕಾಗಿದ್ದದ್ದು 4,18,169. ಉಳಿದವರ ಮತಗಳನ್ನು ಹಂಚಿ ಮುಗಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ದೇಶದ ರಾಷ್ಟ್ರಪತಿ ಯಾರೆಂದು ತೀರ್ಮಾನಿಸಿದ್ದು ಮತಪತ್ರದ ಮೇಲೆ ಬರೆದ ‘2’ ಎಂಬ ಅಂಕಿ.

ಪ್ರಮಾಣ ಮತ್ತು ಕುರ್ಚಿ

ಗೆದ್ದ ಮಾತ್ರಕ್ಕೆ ಯಾರೂ ರಾಷ್ಟ್ರಪತಿಯಾಗುವುದಿಲ್ಲ. 60ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಮುಂದೆ, ಅವರಿಲ್ಲದಿದ್ದರೆ ಲಭ್ಯರಿರುವ ಅತ್ಯಂತ ಹಿರಿಯ ನ್ಯಾಯಮೂರ್ತಿಗಳ ಮುಂದೆ, ಪ್ರಮಾಣವಚನ ಸ್ವೀಕರಿಸಿ ಸಹಿ ಹಾಕಬೇಕು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಒಂದೇ ಬೆಲೆ.

ಈ ಪ್ರಮಾಣದ ಮಾತುಗಳು ಸಚಿವರ ಪ್ರಮಾಣಕ್ಕಿಂತ ಭಿನ್ನ. ಸಚಿವರೂ ಸಂಸದರೂ ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆ ಎನ್ನುತ್ತಾರೆ. ರಾಷ್ಟ್ರಪತಿ ಸಂವಿಧಾನವನ್ನೂ ಕಾನೂನನ್ನೂ ಕಾಪಾಡುತ್ತೇನೆ, ರಕ್ಷಿಸುತ್ತೇನೆ ಎನ್ನುತ್ತಾರೆ. ಭಾರತದ ಜನರ ಸೇವೆಗೂ ಒಳಿತಿಗೂ ತಮ್ಮನ್ನು ಮುಡಿಪಾಗಿಡುತ್ತೇನೆ ಎನ್ನುತ್ತಾರೆ. ಒಂದು ನಿಷ್ಠೆಯ ಮಾತು, ಇನ್ನೊಂದು ಕಾವಲಿನ ಮಾತು.

ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ನಡೆಯುವ ಈ ಸಮಾರಂಭವನ್ನು ಟಿವಿಯಲ್ಲಿ ನೋಡುವಾಗ ಒಂದು ದೃಶ್ಯವನ್ನು ತಪ್ಪಿಸಿಕೊಳ್ಳಬೇಡಿ. ನಿರ್ಗಮಿಸುವ ರಾಷ್ಟ್ರಪತಿ ಮತ್ತು ಹೊಸದಾಗಿ ಆಯ್ಕೆಯಾದವರು ಜತೆಯಾಗಿಯೇ ಬರುತ್ತಾರೆ. ಪ್ರಮಾಣವಚನ ಮುಗಿದ ಮೇಲೆ ಇಬ್ಬರೂ ಕುರ್ಚಿ ಅದಲುಬದಲು ಮಾಡಿಕೊಳ್ಳುತ್ತಾರೆ. ಹೊರಗೆ 21 ಕುಶಾಲತೋಪು ಹಾರುತ್ತದೆ. ಐದು ವರ್ಷ ಮೂರೂ ಸೇನೆಗಳ ಪರಮೋಚ್ಚ ದಂಡನಾಯಕರಾಗಿದ್ದವರು ಎದ್ದು ಪಕ್ಕದ ಕುರ್ಚಿಗೆ ಹೋಗಿ ಕೂರುತ್ತಾರೆ. ಜಗತ್ತಿನ ಎಷ್ಟೋ ದೇಶಗಳಲ್ಲಿ ಈ ಒಂದು ಕೆಲಸಕ್ಕಾಗಿ ಟ್ಯಾಂಕುಗಳು ಬೀದಿಗಿಳಿದಿವೆ. ಇಲ್ಲಿ ಅದಕ್ಕೆ ಕೆಲವೇ ಹೆಜ್ಜೆ ಸಾಕಾಗುತ್ತದೆ.

ಹೋಗುವ ದಾರಿಗಳು

ಮೊದಲ ದಾರಿ ಅವಧಿ ಮುಗಿಯುವುದು. 56ನೇ ವಿಧಿಯಂತೆ ಅಧಿಕಾರ ಸ್ವೀಕರಿಸಿದ ದಿನದಿಂದ ಐದು ವರ್ಷ. ಮತ್ತೆ ಸ್ಪರ್ಧಿಸಲು 57ನೇ ವಿಧಿ ಅವಕಾಶ ಕೊಡುತ್ತದೆ, ಎಷ್ಟು ಬಾರಿ ಎಂಬ ಮಿತಿಯೂ ಇಲ್ಲ. ಆದರೂ ಮತ್ತೊಮ್ಮೆ ಆಯ್ಕೆಯಾದವರು ಬಾಬು ರಾಜೇಂದ್ರ ಪ್ರಸಾದ್ ಒಬ್ಬರೇ. 1962ರಲ್ಲಿ ನಿವೃತ್ತರಾದ ಅವರು ಪಟ್ನಾದ ಸದಾಕತ್ ಆಶ್ರಮಕ್ಕೆ ಮರಳಿದರು. 2007ರಲ್ಲಿ ಅವಧಿ ಮುಗಿಸಿದ ಎ.ಪಿ.ಜೆ. ಅಬ್ದುಲ್ ಕಲಾಂ ಪಾಠ ಹೇಳುವ ಕೆಲಸಕ್ಕೆ ಮರಳಿದರು. 2015ರ ಜುಲೈ 27ರಂದು ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಉಪನ್ಯಾಸ ನೀಡುತ್ತಿರುವಾಗಲೇ ಕುಸಿದು ನಿಧನರಾದರು.

ಎರಡನೆಯದು ರಾಜೀನಾಮೆ. ರಾಷ್ಟ್ರಪತಿ ತಮ್ಮ ಕೈಬರಹದ ಸಹಿಯೊಂದಿಗೆ ಉಪರಾಷ್ಟ್ರಪತಿಗೆ ಪತ್ರ ಬರೆಯಬೇಕು. ಉಪರಾಷ್ಟ್ರಪತಿ ಅದನ್ನು ಕೂಡಲೇ ಲೋಕಸಭೆಯ ಸ್ಪೀಕರ್‌ಗೆ ತಿಳಿಸಬೇಕು. ಚುನಾಯಿತರಾದ ಯಾವ ರಾಷ್ಟ್ರಪತಿಯೂ ಈವರೆಗೆ ಈ ಪತ್ರ ಬರೆದಿಲ್ಲ.

ಮೂರನೆಯದು ಮಹಾಭಿಯೋಗ. 61ನೇ ವಿಧಿ ಇದಕ್ಕೆ ಒಂದೇ ಕಾರಣವನ್ನು ಒಪ್ಪುತ್ತದೆ: ಸಂವಿಧಾನದ ಉಲ್ಲಂಘನೆ. ಲೋಕಸಭೆ, ರಾಜ್ಯಸಭೆ ಎರಡರಲ್ಲಿ ಯಾವುದರಲ್ಲಿ ಬೇಕಾದರೂ ಆರಂಭಿಸಬಹುದು. ಆ ಸದನದ ನಾಲ್ಕನೇ ಒಂದು ಭಾಗ ಸದಸ್ಯರು ಸಹಿ ಮಾಡಿ 14 ದಿನ ಮೊದಲೇ ಲಿಖಿತ ಸೂಚನೆ ಕೊಡಬೇಕು. ಸದನದ ಒಟ್ಟು ಸದಸ್ಯಬಲದ ಮೂರನೇ ಎರಡು ಭಾಗ ಒಪ್ಪಬೇಕು. ಆಮೇಲೆ ಇನ್ನೊಂದು ಸದನ ತನಿಖೆ ನಡೆಸುತ್ತದೆ. ಅಲ್ಲಿ ರಾಷ್ಟ್ರಪತಿ ತಾವೇ ಹಾಜರಾಗಿ ಅಥವಾ ವಕೀಲರ ಮೂಲಕ ವಾದ ಮಂಡಿಸಬಹುದು. ಅಲ್ಲಿಯೂ ಮೂರನೇ ಎರಡು ಭಾಗ ಒಪ್ಪಿದರೆ ಆ ಕ್ಷಣದಿಂದ ಅವರು ರಾಷ್ಟ್ರಪತಿಯಲ್ಲ. ಲೋಕಸಭೆಯ 543ರಲ್ಲಿ 362, ರಾಜ್ಯಸಭೆಯ 245ರಲ್ಲಿ 164 ಮತಗಳು ಬೇಕು. ಹಾಜರಿದ್ದವರ ಮೂರನೇ ಎರಡಲ್ಲ, ಇಡೀ ಸದನದ್ದು. ಬೀಗ ಬಿಗಿಯಾಗಿದೆ, ಈವರೆಗೆ ಅದನ್ನು ಯಾರೂ ತೆರೆದಿಲ್ಲ.

ಇಲ್ಲಿ ಯೋಚಿಸಬೇಕಾದ ಒಂದು ವಿಷಯವಿದೆ. ಆರಿಸುವಾಗ ಶಾಸಕರು ಬೇಕು, ತೆಗೆಯುವಾಗ ಅವರಿಗೆ ಪಾತ್ರವಿಲ್ಲ. ಆರಿಸುವಾಗ ನಾಮನಿರ್ದೇಶಿತ ಸಂಸದರಿಗೆ ಮತವಿಲ್ಲ, ತೆಗೆಯುವಾಗ ಇದೆ. ಇದು ಸರಿಯೇ ಎಂಬುದು ನಿಮ್ಮ ಚರ್ಚಾಕೂಟಕ್ಕೆ ಒಳ್ಳೆಯ ವಿಷಯ.

ಇನ್ನೊಂದು ದಾರಿಯೂ ಇದೆ. ಚುನಾವಣೆಯ ಬಗ್ಗೆ ತಕರಾರು ಬಂದರೆ 71ನೇ ವಿಧಿಯಂತೆ ಸುಪ್ರೀಂ ಕೋರ್ಟ್ ತೀರ್ಮಾನಿಸುತ್ತದೆ. ಆಯ್ಕೆಯನ್ನೇ ಅಸಿಂಧು ಎನ್ನಬಹುದು. 1969ರ ಆಯ್ಕೆ ಹೀಗೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಗಿರಿಯವರು ರಾಷ್ಟ್ರಪತಿಯಾಗಿದ್ದಾಗಲೇ ಸ್ವತಃ ನ್ಯಾಯಾಲಯಕ್ಕೆ ಹೋಗಿ ಸಾಕ್ಷಿ ನುಡಿದರು. ಅರ್ಜಿ ವಜಾ ಆಯಿತು.

ಕೊನೆಯದು ಯಾರ ಕೈಯಲ್ಲೂ ಇಲ್ಲದ ದಾರಿ, ಮರಣ. ಇಬ್ಬರು ರಾಷ್ಟ್ರಪತಿಗಳು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಸಂವಿಧಾನದ ಕಾಗದದ ಮೇಲಿದ್ದ ನಿಯಮಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬ ಪರೀಕ್ಷೆ ನಡೆದದ್ದು ಆಗ.

1969: ಬಾಗಿಲಲ್ಲಿ ಕಂಡ ಬಿರುಕು

ಡಾ. ಜಾಕಿರ್ ಹುಸೇನ್ 1967ರ ಮೇ 13ರಂದು ರಾಷ್ಟ್ರಪತಿಯಾದರು. ಮೂಲತಃ ಅವರು ಅಧ್ಯಾಪಕರು; ಎರಡು ದಶಕಕ್ಕೂ ಹೆಚ್ಚು ಕಾಲ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಚುಕ್ಕಾಣಿ ಹಿಡಿದವರು. ಎರಡು ವರ್ಷ ತುಂಬಲು ಹತ್ತು ದಿನ ಇರುವಾಗ, 1969ರ ಮೇ 3ರಂದು, ಅವರು ನಿಧನರಾದರು. ಅವರ ಸಮಾಧಿ ಇರುವುದು ಜಾಮಿಯಾದ ಆವರಣದಲ್ಲಿ.

65ನೇ ವಿಧಿಯಂತೆ ಉಪರಾಷ್ಟ್ರಪತಿ ವಿ.ವಿ. ಗಿರಿ ಅದೇ ದಿನ ಹಂಗಾಮಿ ರಾಷ್ಟ್ರಪತಿಯಾದರು. ಆಗ ಒಂದು ಪ್ರಶ್ನೆ ಎದ್ದಿತು. ಗಿರಿಯವರಿಗೂ ಏನಾದರೂ ಆದರೆ ಅಥವಾ ಅವರೂ ಹುದ್ದೆ ಬಿಟ್ಟರೆ ಆ ಕುರ್ಚಿಯಲ್ಲಿ ಯಾರು? ಸಂವಿಧಾನ ಬರೆದವರು ಇದನ್ನು ಊಹಿಸಿ, ಬೇಕಾದ ವ್ಯವಸ್ಥೆ ಮಾಡುವ ಅಧಿಕಾರವನ್ನು 70ನೇ ವಿಧಿಯಲ್ಲಿ ಸಂಸತ್ತಿಗೆ ಕೊಟ್ಟಿದ್ದರು. ಆದರೆ ಸಂಸತ್ತು ಹತ್ತೊಂಬತ್ತು ವರ್ಷ ಅಂಥ ಕಾನೂನನ್ನೇ ಮಾಡಿರಲಿಲ್ಲ. ಆ ಮೇ ತಿಂಗಳಲ್ಲೇ ಅವಸರದಿಂದ ಕಾನೂನು ಬಂತು: ರಾಷ್ಟ್ರಪತಿಯೂ ಉಪರಾಷ್ಟ್ರಪತಿಯೂ ಇಲ್ಲದಾಗ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಅವರೂ ಇಲ್ಲದಿದ್ದರೆ ಅಲ್ಲಿನ ಅತ್ಯಂತ ಹಿರಿಯ ನ್ಯಾಯಮೂರ್ತಿ ಆ ಕೆಲಸ ನಿರ್ವಹಿಸಬೇಕು.

ಕಾನೂನು ಬಂದು ಎರಡು ತಿಂಗಳಾಗುವ ಮೊದಲೇ ಅದರ ಅಗತ್ಯ ಬಿತ್ತು. ಜುಲೈಯಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಇಷ್ಟವಿಲ್ಲದಿದ್ದರೂ ಪಕ್ಷ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಗಿರಿಯವರು ಸ್ವತಂತ್ರವಾಗಿ ಸ್ಪರ್ಧಿಸಲು ನಿರ್ಧರಿಸಿ ಜುಲೈ 20ರಂದು ರಾಜೀನಾಮೆ ಕೊಟ್ಟರು. ಈಗ ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ. ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಹಿದಾಯತುಲ್ಲಾ ನ್ಯಾಯಾಲಯದಿಂದ ರಾಷ್ಟ್ರಪತಿ ಭವನಕ್ಕೆ ಬಂದರು. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ದೆಹಲಿಗೆ ಬಂದಾಗ ಆತಿಥೇಯರಾಗಿದ್ದವರು ಅವರೇ. ಆಗಸ್ಟ್ 24ರಂದು ಗಿರಿಯವರು ರಾಷ್ಟ್ರಪತಿಯಾಗಿ ಪ್ರಮಾಣ ಸ್ವೀಕರಿಸಿದಾಗ ಹಿದಾಯತುಲ್ಲಾ ತಮ್ಮ ನ್ಯಾಯಪೀಠಕ್ಕೆ ಮರಳಿದರು. ಮುಂದೆ ಅವರು ಉಪರಾಷ್ಟ್ರಪತಿಯಾದರು. 1982ರಲ್ಲಿ ಗ್ಯಾನಿ ಜೈಲ್ ಸಿಂಗ್ ಅಮೆರಿಕದಲ್ಲಿ ಚಿಕಿತ್ಸೆಯಲ್ಲಿದ್ದಾಗ ಮತ್ತೊಮ್ಮೆ ಆ ಹೊಣೆ ಹೊತ್ತರು.

ಇದು ಹಳೆಯ ಕಥೆ ಎನ್ನುವಂತಿಲ್ಲ. 2025ರ ಜುಲೈ 21ರಂದು ಉಪರಾಷ್ಟ್ರಪತಿ ಜಗದೀಪ್ ಧನಕರ್ ರಾಜೀನಾಮೆ ನೀಡಿದರು. ಸೆಪ್ಟೆಂಬರ್ 12ರಂದು ಸಿ.ಪಿ. ರಾಧಾಕೃಷ್ಣನ್ ಪ್ರಮಾಣ ಸ್ವೀಕರಿಸುವವರೆಗೆ ಆ ಸ್ಥಾನ ಖಾಲಿ ಇತ್ತು. ಆ ದಿನಗಳಲ್ಲಿ ದೇಶ ನೆಚ್ಚಿಕೊಂಡಿದ್ದ ಮುಂದಿನ ಮೆಟ್ಟಿಲು 1969ರ ಅದೇ ಕಾನೂನು.

1977: ಸಾವಳಗಿಯ ಜತ್ತಿಯವರು

ಎರಡನೇ ಪರೀಕ್ಷೆ ಇನ್ನೂ ಕಠಿಣ ಕಾಲದಲ್ಲಿ ಬಂತು. ಫಕ್ರುದ್ದೀನ್ ಅಲಿ ಅಹಮದ್ 1974ರ ಆಗಸ್ಟ್ 24ರಂದು ರಾಷ್ಟ್ರಪತಿಯಾದರು. 1975ರ ಜೂನ್ 25ರ ರಾತ್ರಿ ಪ್ರಧಾನಿಯವರ ಸಲಹೆಯಂತೆ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದು ಅವರೇ. ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಗ್ಗೆ. ಸಂವಿಧಾನವನ್ನು ರಕ್ಷಿಸುತ್ತೇನೆ ಎಂಬ ಪ್ರಮಾಣದ ಎದುರು ಆ ಸಹಿಯನ್ನು ಇಟ್ಟು ದೇಶ ಇಂದಿಗೂ ಪ್ರಶ್ನೆ ಕೇಳುತ್ತಿದೆ. ಮುಂದೆ 44ನೇ ತಿದ್ದುಪಡಿ ಆ ಬಾಗಿಲನ್ನು ಬಿಗಿಗೊಳಿಸಿತು: ಈಗ ಸಂಪುಟದ ನಿರ್ಧಾರ ಬರಹದಲ್ಲಿ ಬಾರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ.

ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ನಿಧನರಾದರು. ಉಪರಾಷ್ಟ್ರಪತಿಯಾಗಿದ್ದವರು ಬಿ.ಡಿ. ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಹಂಗಾಮಿ ರಾಷ್ಟ್ರಪತಿಯ ಹೊಣೆ ಅವರ ಹೆಗಲಿಗೆ ಬಂತು.

ಹಂಗಾಮಿ ಎಂದರೆ ಅರ್ಧ ಅಧಿಕಾರ ಎಂದು ತಿಳಿಯಬಾರದು. ಅವರೂ ಅದೇ ಪ್ರಮಾಣ ಸ್ವೀಕರಿಸಬೇಕು. ರಾಷ್ಟ್ರಪತಿಯ ಎಲ್ಲ ಅಧಿಕಾರವೂ ಅವರಿಗಿದೆ. ಮಾರ್ಚ್ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷ ಸೋತಿತು. ಮಾರ್ಚ್ 21ರಂದು, 1975ರ ಆ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಘೋಷಣೆ ಹೊರಬಿದ್ದದ್ದು ಜತ್ತಿಯವರಿಂದ. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರೂ ಅವರೇ. ಸ್ವಾತಂತ್ರ್ಯಾನಂತರ ಕೇಂದ್ರದಲ್ಲಿ ಕಾಂಗ್ರೆಸ್ಸೇತರ ಸರಕಾರ ಬಂದದ್ದು ಅದೇ ಮೊದಲು. ಹೊಸ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಸಲಹೆ ಮಾಡಿದಾಗ ಜತ್ತಿಯವರು ಸಹಿ ಹಾಕಲು ಹಿಂಜರಿದರು. ಕೊನೆಗೆ ಏಪ್ರಿಲ್ 30ರಂದು ಸಹಿ ಹಾಕಿದರು. ಅಂಥ ದೊಡ್ಡ ಬಿರುಗಾಳಿಯ ನಡುವೆಯೂ ಅಧಿಕಾರ ಒಂದು ಕೈಯಿಂದ ಇನ್ನೊಂದು ಕೈಗೆ ನಿಯಮದಂತೆಯೇ ದಾಟಿತು.

ಈಗ ಜುಲೈ 25ರ ಉತ್ತರ

62ನೇ ವಿಧಿಯಲ್ಲಿ ಎರಡು ಮಾತುಗಳಿವೆ. ಅವಧಿ ಮುಗಿಯುವುದಾದರೆ ಅದಕ್ಕೆ ಮೊದಲೇ ಚುನಾವಣೆ ನಡೆದಿರಬೇಕು. ಮರಣ, ರಾಜೀನಾಮೆ, ಪದಚ್ಯುತಿಯಿಂದ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಹಾಗೆ ಬಂದವರಿಗೆ ಉಳಿದ ಅವಧಿಯಷ್ಟೇ ಅಲ್ಲ, ಪೂರ್ತಿ ಐದು ವರ್ಷ.

ಈಗ ದಿನಾಂಕಗಳನ್ನು ಜೋಡಿಸಿ ನೋಡಿ. ಮೊದಲ ಸಾರ್ವತ್ರಿಕ ಚುನಾವಣೆಯ ನಂತರ 1952ರ ಮೇ 13ರಂದು ರಾಜೇಂದ್ರ ಪ್ರಸಾದ್ ಪ್ರಮಾಣ ಸ್ವೀಕರಿಸಿದರು. ಐದೈದು ವರ್ಷಕ್ಕೊಮ್ಮೆ ಅದೇ ಮೇ 13 ಬರುತ್ತಿತ್ತು. ಜಾಕಿರ್ ಹುಸೇನ್ ಅವರ ನಿಧನದಿಂದ ಆ ಸರಪಳಿ ಕಡಿದು ಆಗಸ್ಟ್ 24ಕ್ಕೆ ಹೋಯಿತು. ಫಕ್ರುದ್ದೀನ್ ಅವರ ನಿಧನದಿಂದ ಅದೂ ಕಡಿಯಿತು. ಆರು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾಗಿ 1977ರ ಜುಲೈ 25ರಂದು ಅಧಿಕಾರ ಸ್ವೀಕರಿಸಿದರು. ಎಂಟು ವರ್ಷ ಮೊದಲು ಎರಡನೇ ಆಯ್ಕೆಯ ಲೆಕ್ಕದಲ್ಲಿ ಸೋತವರು ಈ ಬಾರಿ ಎದುರಾಳಿಯೇ ಇಲ್ಲದೆ ಬಂದರು. ಅಲ್ಲಿಂದ ಇಲ್ಲಿಯವರೆಗೆ ಎಲ್ಲ ರಾಷ್ಟ್ರಪತಿಗಳೂ ಅವಧಿ ಪೂರೈಸಿದ್ದಾರೆ. ಹಾಗಾಗಿ ಐದು ವರ್ಷಕ್ಕೊಮ್ಮೆ ಜುಲೈ 25.

ಇದನ್ನು ಯಾರೂ ಆರಿಸಿದ ದಿನಾಂಕವಲ್ಲ. ಎರಡು ಸಾವುಗಳ ನೆನಪೂ, ನಾಲ್ಕೂವರೆ ದಶಕಗಳ ಶಿಸ್ತೂ ಅದರಲ್ಲಿ ಸೇರಿವೆ.

ನಿಯಮ ಹೇಳದೆ ಬಿಟ್ಟದ್ದು

ಇಷ್ಟೆಲ್ಲ ನಿಯಮಗಳಿದ್ದರೂ ಕೆಲವು ಮೂಲೆಗಳು ಕತ್ತಲಾಗಿಯೇ ಇವೆ. ಕಾಯಿಲೆಯಿಂದ ರಾಷ್ಟ್ರಪತಿ ಕೆಲಸ ಮಾಡಲಾರದೆ ಹೋದರೆ ಉಪರಾಷ್ಟ್ರಪತಿ ನಿರ್ವಹಿಸುತ್ತಾರೆ ಎಂದು 65ನೇ ವಿಧಿ ಹೇಳುತ್ತದೆ. ಆದರೆ ಅವರಿಂದ ಆಗುವುದಿಲ್ಲ ಎಂದು ತೀರ್ಮಾನಿಸುವವರು ಯಾರು? ಆ ವಿಧಿ ಹೇಳುವುದಿಲ್ಲ. ಸಂವಿಧಾನದ ಉಲ್ಲಂಘನೆ ಎಂದರೆ ಏನು? 61ನೇ ವಿಧಿ ಬಿಡಿಸಿ ಹೇಳುವುದಿಲ್ಲ. 1969ರ ಬಿರುಕು ಹತ್ತೊಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು ಎಂಬುದನ್ನು ನೆನೆದರೆ ಇಂಥ ಪ್ರಶ್ನೆಗಳನ್ನು ಬಿಕ್ಕಟ್ಟು ಬರುವ ಮೊದಲೇ ಕೇಳುವುದು ಒಳ್ಳೆಯದು. ಪರೀಕ್ಷೆಗೆ ಉತ್ತರ ಕಲಿಯುವುದು ಒಂದು ಓದು. ಉತ್ತರವಿಲ್ಲದ ಜಾಗ ಎಲ್ಲಿದೆ ಎಂದು ಗುರುತಿಸುವುದು ಇನ್ನೊಂದು ಓದು.

ಸದ್ಯದ ರಾಷ್ಟ್ರಪತಿಯವರ ಅವಧಿ 2027ರ ಜುಲೈಯಲ್ಲಿ ಮುಗಿಯುತ್ತದೆ. ಆಗ ಮತ ಹಾಕುವ ನಮ್ಮ ರಾಜ್ಯದ ಶಾಸಕರು 2023ರಲ್ಲಿ ಆಯ್ಕೆಯಾದವರು. ಈಗ ಪಿಯು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರಿಗೆ ಅಂದು ಮತದಾನದ ವಯಸ್ಸಾಗಿರಲಿಲ್ಲ. ಎಲ್ಲವೂ ವೇಳಾಪಟ್ಟಿಯಂತೆ ನಡೆದರೆ 2028ರ ವಿಧಾನಸಭಾ ಚುನಾವಣೆಯಲ್ಲಿ ನೀವು ಮೊದಲ ಬಾರಿ ಸರತಿ ಸಾಲಿನಲ್ಲಿ ನಿಲ್ಲುತ್ತೀರಿ. ನೀವು ಆರಿಸಿದ ಶಾಸಕರು 2032ರಲ್ಲಿ ವಿಧಾನಸೌಧದಲ್ಲಿ ಗುಲಾಬಿ ಬಣ್ಣದ ಮತಪತ್ರ ಹಿಡಿದಿರುತ್ತಾರೆ. ಹದಿನೆಂಟು ತುಂಬಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ನೋಡಿಕೊಳ್ಳಿ. ರಾಷ್ಟ್ರಪತಿ ಭವನಕ್ಕೆ ಹೋಗುವ ದಾರಿ ಶುರುವಾಗುವುದು ನಿಮ್ಮ ಬೂತ್‌ನಿಂದ.